ಎಪ್ಸಮ್ ಸಾಲ್ಟ್: ಕಾಲಿಗೆಷ್ಟು, ಕುಂಡಕ್ಕೆಷ್ಟು

ಹೋದ ವರ್ಷ ಆಷಾಢ ಏಕಾದಶಿಯ ಬೆಳಿಗ್ಗೆ ಪಕ್ಕದ ಮನೆಯ ಮರಾಠಿ ಕಾಕು (ಚಿಕ್ಕಮ್ಮ) ಒಂದು ಪ್ಯಾಕೆಟ್ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅವರ ಒಲೆಯ ಮೇಲೆ ಸಾಬುದಾನಾ ಖಿಚಡಿ. ಶೇಂಗಾ ಪುಡಿ ಹಾಕಿ ಆಗಿದೆ, ಉಪ್ಪು ಮಾತ್ರ ಬಾಕಿ. ಉಪವಾಸಕ್ಕೆ ಸೇಂಧಾ ನಮಕ್ ಬೇಕಲ್ವಾ, ಅದನ್ನು ಮಗ ಆನ್‌ಲೈನ್‌ನಲ್ಲಿ ತರಿಸಿಕೊಟ್ಟಿದ್ದ. "ಹೇ ಬಘ ಗ, ಮೀಠ ಅಸಂ ಕಾ ದಿಸ್ತಂಯ?" ಅಂದರು. ಉಪ್ಪು ಯಾಕೆ ಹೀಗೆ ಕಾಣ್ತಿದೆ ನೋಡು ಅಂತ. ಅಂಗೈ ಮೇಲೆ ಸುರಿದು ನೋಡಿದೆ. ಸಕ್ಕರೆಯ ಹಾಗೆ ಪಳಪಳ ಹೊಳೆಯುವ ಹರಳು, ಆದರೆ ಸೂಜಿಯ ಹಾಗೆ ಉದ್ದುದ್ದ. ಪ್ಯಾಕೆಟಿನ ಮುಂದೆ ಹಿಂದಿಯಲ್ಲಿ ಸೇಂಧಾ ನಮಕ್ ಅಂತಲೇ ಬರೆದಿತ್ತು. ಹಿಂದೆ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಮ್ಯಾಗ್ನೀಷಿಯಂ ಸಲ್ಫೇಟ್. ಅದು ಎಪ್ಸಮ್ ಸಾಲ್ಟ್! ಎರಡು ಚಮಚ ಖಿಚಡಿಗೆ ಬಿದ್ದಿದ್ದರೆ ಮನೆಯವರಿಗೆ ಭೇದಿ ಹಿಡಿಯಬಹುದಿತ್ತು. ಕಾಕುಗೆ 74 ವರ್ಷ.

ಅವತ್ತೇ ಈ ಉಪ್ಪಿನ ಬಗ್ಗೆ ಸರಿಯಾಗಿ ಬರೆಯಬೇಕು ಅಂದುಕೊಂಡೆ. ಮುಂಬಯಿ ಹತ್ತಿರದ ಡೊಂಬಿವಲಿಯ ಈ ಮನೆಯಲ್ಲಿ ನಾನು ಇದನ್ನು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ದಣಿದ ಕಾಲಿಗೆ, ಗ್ಯಾಲರಿಯ (ಬಾಲ್ಕನಿಯ) ಕುಂಡಗಳಿಗೆ ನಿಜಕ್ಕೂ ಉಪಯೋಗ ಆಗುತ್ತದೆ. ಆದರೆ ಸರಿಯಾದ ಉಪ್ಪು, ಸರಿಯಾದ ಅಳತೆ, ಸರಿಯಾದ ಜಾಗ, ಇಷ್ಟು ಗೊತ್ತಿದ್ದರೆ ಮಾತ್ರ.

ಮೊದಲು, ಇದು ಯಾವ ಉಪ್ಪು

ಸೇಂಧಾ ನಮಕ್ ಅಂದರೆ ನಮ್ಮ ಸೈಂಧವ ಲವಣ. ನೆಲದಿಂದ ಅಗೆದು ತೆಗೆದ ಕಲ್ಲುಪ್ಪು. ಅಡುಗೆ ಉಪ್ಪಿನ ಹಾಗೆ ಅದೂ ಬಹುಪಾಲು ಸೋಡಿಯಂ ಕ್ಲೋರೈಡ್. ಎಪ್ಸಮ್ ಸಾಲ್ಟ್‌ನಲ್ಲಿ ಸೋಡಿಯಂ ಇಲ್ಲವೇ ಇಲ್ಲ. ಅದರಲ್ಲಿರುವುದು ಮ್ಯಾಗ್ನೀಷಿಯಂ, ಗಂಧಕ ಮತ್ತು ಹರಳಿನೊಳಗೇ ಸೇರಿಕೊಂಡ ನೀರು. ಒಂದು ಕಿಲೋ ಎಪ್ಸಮ್ ಸಾಲ್ಟ್ ತಂದರೆ ಅದರಲ್ಲಿ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ ನೀರೇ ಇರುತ್ತದೆ, ಮ್ಯಾಗ್ನೀಷಿಯಂ ಸುಮಾರು 100 ಗ್ರಾಂ. ಇಂಗ್ಲೆಂಡಿನಲ್ಲಿ ಲಂಡನ್ ಹತ್ತಿರದ ಎಪ್ಸಮ್ ಅನ್ನೋ ಊರಿನ ಕಹಿ ನೀರನ್ನು ಕುದಿಸಿ ಇಂಗಿಸಿ 17ನೇ ಶತಮಾನದಲ್ಲಿ ಇದನ್ನು ತೆಗೆಯುತ್ತಿದ್ದರು, ಅದಕ್ಕೆ ಈ ಹೆಸರು. ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ನಮ್ಮಲ್ಲಿ ಹಳಬರು ಭೇದಿ ಉಪ್ಪು ಅನ್ನುತ್ತಿದ್ದರು. ಆ ಹೆಸರೇ ಉಳಿದಿದ್ದರೆ ಈ ಗೊಂದಲ ಇರುತ್ತಿರಲಿಲ್ಲ.

ಹಿಂದಿಯಲ್ಲಿ ಎಷ್ಟೋ ಕಡೆ ಎಪ್ಸಮ್ ಸಾಲ್ಟ್‌ಗೆ ಸೇಂಧಾ ನಮಕ್ ಅಂತಲೇ ಬರೆದುಬಿಡುತ್ತಾರೆ. ಮುಂಬಯಿಯಲ್ಲಿ ನಾವು ಹಿಂದಿಯಲ್ಲೇ ಕೇಳಿ ಕೊಳ್ಳುವವರು, ಹಾಗಾಗಿ ಮೋಸ ಹೋಗುವುದು ಸುಲಭ. ಉಲ್ಟಾ ಆದರೂ ಕಷ್ಟವೇ. ಎಪ್ಸಮ್ ಅಂದುಕೊಂಡು ಸೇಂಧಾ ನಮಕ್ ತಂದು ಗುಲಾಬಿ ಕುಂಡಕ್ಕೆ ಹಾಕಿದರೆ ಗಿಡ ಸುಟ್ಟುಹೋಗುತ್ತದೆ.

ಡಬ್ಬದಲ್ಲಿ ಇರುವುದು ಯಾವುದು ಅಂತ ಅನುಮಾನ ಬಂದರೆ ಒಂದು ಪರೀಕ್ಷೆ ಇದೆ. ಅಡುಗೆಗೆ ಬಳಸದ ಹಳೇ ಸೌಟಿನಲ್ಲಿ ಅರ್ಧ ಚಮಚ ಹಾಕಿ ಸಣ್ಣ ಉರಿಯ ಮೇಲೆ ಹಿಡಿಯಿರಿ. ಎಪ್ಸಮ್ ಆದರೆ ಹರಳು ಒದ್ದೆಯಾಗಿ, ತನ್ನ ನೀರಿನಲ್ಲೇ ಕರಗಿ, ಗುಳ್ಳೆ ಬಂದು, ಕೊನೆಗೆ ಬಿಳಿ ಹೆಪ್ಪಾಗಿ ಸೌಟಿಗೆ ಅಂಟುತ್ತದೆ. ಸೇಂಧಾ ನಮಕ್ ಕರಗುವುದಿಲ್ಲ, ಚಟಪಟ ಸಿಡಿಯುತ್ತದೆ. ಮುಖ ದೂರ ಇಟ್ಟುಕೊಳ್ಳಿ. ಆದರೆ ಪಟಿಕವೂ ಎಪ್ಸಮ್ ಥರವೇ ಉಬ್ಬುತ್ತದೆ. ಹಾಗಾಗಿ ಇದು ಸೇಂಧಾ ನಮಕ್ ಅಲ್ಲ ಅಂತ ತಿಳಿಯಲು ಮಾತ್ರ. ಹೆಸರಿಲ್ಲದ ಉಪ್ಪನ್ನು ಯಾವ ಪರೀಕ್ಷೆ ಮಾಡಿದ ಮೇಲೂ ಬಾಯಿಗೆ ಹಾಕಬೇಡಿ.

ಎಲ್ಲಿ, ಯಾವುದನ್ನು ಕೊಳ್ಳಬೇಕು

ಕಾಲಿಗೆ ಅಂತ ಬೇಕಾದರೆ ಮೆಡಿಕಲ್ ಅಂಗಡಿಗೆ ಹೋಗಿ "ಮ್ಯಾಗ್ ಸಲ್ಫ್" ಅಂತ ಕೇಳಿ. ಲೇಬಲ್ ಮೇಲೆ ಮ್ಯಾಗ್ನೀಷಿಯಂ ಸಲ್ಫೇಟ್ ಐ.ಪಿ. ಅಂತ ಇರಬೇಕು. ಐ.ಪಿ. ಅಂದರೆ ಭಾರತೀಯ ಔಷಧ ಗ್ರಂಥದ ಗುಣಮಟ್ಟಕ್ಕೆ ತಕ್ಕದ್ದು. ಲ್ಯಾವೆಂಡರ್ ಪರಿಮಳ, ಬಣ್ಣ ಸೇರಿಸಿದ ಚೆಂದದ ಡಬ್ಬಗಳಿಗೆ ಜಾಸ್ತಿ ದುಡ್ಡು ಕೊಡಬೇಡಿ. ಪರಿಮಳದಿಂದ ಕೆಲವರಿಗೆ ಚರ್ಮ ಕೆರೆಯುವುದೂ ಉಂಟು.

ಗಿಡಕ್ಕಾದರೆ ಗೊಬ್ಬರ ಮಾರುವ ಕೃಷಿ ಸೇವಾ ಕೇಂದ್ರದಲ್ಲಿ ಸಿಗುವುದೇ ಸಾಕು. ಬೆಲೆ ತುಂಬಾ ಕಡಿಮೆ. ಕಲ್ಯಾಣದ ಕಡೆ ಹೋದಾಗ ನಾನು ಒಂದು ಕಿಲೋ ತಂದಿಟ್ಟುಕೊಳ್ಳುತ್ತೇನೆ, ವರ್ಷ ಕಳೆದರೂ ಮುಗಿಯುವುದಿಲ್ಲ. ಪುಣೆಯವರು ಮಾರ್ಕೆಟ್ ಯಾರ್ಡ್ ಸುತ್ತ ವಿಚಾರಿಸಬಹುದು. ಈ ಗೊಬ್ಬರದ ಪ್ಯಾಕೆಟನ್ನು ಮಾತ್ರ ಮೈಗೆ, ಕಾಲಿಗೆ ಬಳಸಬೇಡಿ. ಅದರ ಶುದ್ಧತೆ ಬೇರೆ ಮಟ್ಟದ್ದು.

ಕಾಲು ನೆನೆಸುವುದು

ನಮ್ಮನೆಯವರು ಇಪ್ಪತ್ತು ವರ್ಷ ಡೊಂಬಿವಲಿಯಿಂದ ಸಿಎಸ್‌ಟಿಗೆ ಫಾಸ್ಟ್ ಲೋಕಲ್‌ನಲ್ಲಿ ನಿಂತುಕೊಂಡೇ ಹೋಗಿ ಬಂದವರು. ರಾತ್ರಿ ಬೂಟು ಬಿಚ್ಚಿದರೆ ಸಾಕ್ಸಿನ ಪಟ್ಟಿಯ ಗುರುತು ಕಾಲಿನ ಮೇಲೆ ಕೊರೆದ ಹಾಗೆ ಇರುತ್ತಿತ್ತು. ನನಗೆ ಈ ಉಪ್ಪಿನ ಪರಿಚಯ ಆದದ್ದೇ ಆಗ.

ಬಾತ್‌ಟಬ್ ಬೇಕಾಗಿಲ್ಲ. ನಮ್ಮ ಫ್ಲ್ಯಾಟುಗಳಲ್ಲಿ ಅದಕ್ಕೆ ಜಾಗವೂ ಇಲ್ಲ, ಅಷ್ಟು ನೀರೂ ಬರುವುದಿಲ್ಲ. ಪಾದ ಎರಡೂ ಹಿಡಿಯುವ ಪ್ಲಾಸ್ಟಿಕ್ ಟಬ್ಬು, 5 ಲೀಟರ್ ನೀರು ಸಾಕು.

1. ಟಬ್ಬಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ. ಮೊಣಕೈ ಅದ್ದಿ ನೋಡಿ. ಹಾಯಾಗಿ ಬೆಚ್ಚಗೆ ಅನ್ನಿಸಬೇಕು, ಚುರುಕ್ ಅನ್ನಬಾರದು. ಪಾತ್ರೆ ತೊಳೆದು ಗಟ್ಟಿಯಾದ ನಮ್ಮ ಬೆರಳುಗಳಿಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ.

2. ಅರ್ಧ ಕಪ್, ಅಂದರೆ ಸುಮಾರು 120 ಗ್ರಾಂ ಉಪ್ಪು ಹಾಕಿ ಕೈಯಿಂದ ಕಲಸಿ. ತಳದಲ್ಲಿ ಹರಳು ಕೂತಿರಬಾರದು, ಹಿಮ್ಮಡಿಗೆ ಒತ್ತುತ್ತದೆ.

3. ಕಾಲು ತೊಳೆದುಕೊಂಡು 15 ನಿಮಿಷ ಇಡಿ. 20 ನಿಮಿಷ ಮೀರಿದರೆ ಚರ್ಮ ನೆನೆದು ಒಣಗಿದ ಹಾಗಾಗುತ್ತದೆ.

4. ಒಳ್ಳೆ ನೀರಿನಲ್ಲಿ ಒಮ್ಮೆ ತೊಳೆದು, ಬೆರಳ ಸಂದಿಯನ್ನು ಬಟ್ಟೆ ಇಟ್ಟು ಒರೆಸಿ. ಮಳೆಗಾಲದಲ್ಲಿ ಇದು ತುಂಬಾ ಮುಖ್ಯ. ಸಂದಿಯಲ್ಲಿ ತೇವ ಉಳಿದರೆ ಅಲ್ಲೇ ಫಂಗಸ್ ಹಿಡಿಯುವುದು. ಹಿಮ್ಮಡಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ. ಸಂದಿಗೆ ಎಣ್ಣೆ ಬೇಡ.

ವಾರಕ್ಕೆ ಎರಡು ಮೂರು ಸಲ ಮಾಡಿದರೆ ಸಾಕು.

ಇದರಿಂದ ಮ್ಯಾಗ್ನೀಷಿಯಂ ಚರ್ಮದ ಮೂಲಕ ಒಳಗಿಳಿದು ನೋವು ತೆಗೆಯುತ್ತದೆ ಅಂತ ಪ್ಯಾಕೆಟಿನ ಮೇಲೆ ಬರೆದಿರುತ್ತಾರೆ. ಅದಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಬೆಚ್ಚಗಿನ ನೀರು, ಕಾಲು ಚಾಚಿ ಕೂತ ಹದಿನೈದು ನಿಮಿಷದ ವಿಶ್ರಾಂತಿ, ಇವೇ ಅರ್ಧಕ್ಕರ್ಧ ಕೆಲಸ ಮಾಡುತ್ತವೆ ಅಂತ ನಾನು ನಂಬುತ್ತೇನೆ. ಆದರೂ ನಮ್ಮನೆಯವರಿಗೆ ಬರೀ ಬಿಸಿನೀರಿಗಿಂತ ಉಪ್ಪು ಹಾಕಿದ ನೀರೇ ಹಿತ. ಹಿತ ಸಿಕ್ಕಿದರೆ ಮಾಡಿ, ಆದರೆ ಇದನ್ನು ಔಷಧಿ ಅಂದುಕೊಂಡು ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಬೇಡಿ. ಒಂದೇ ಕಾಲು ಊದಿಕೊಂಡು, ಮೀನಖಂಡ ಮುಟ್ಟಿದರೆ ನೋವು, ಬಿಸಿ ಇದ್ದರೆ ಅದು ರಕ್ತ ಹೆಪ್ಪುಗಟ್ಟಿರುವ ಲಕ್ಷಣ ಇರಬಹುದು. ಆಗ ಟಬ್ಬು ತೆಗೆಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಮಗನ ಕಾಲಿಗೆ ಮಾಡುವುದನ್ನು ನೋಡಿ ಒಂದು ಚಳಿಗಾಲದ ಸಂಜೆ "ನನಗೂ ಇಡಮ್ಮಾ" ಅಂದರು. ಇಟ್ಟೆ. "ಬಿಸಿ ಸಾಲದು, ಇನ್ನೊಂದು ಚೊಂಬು ಹಾಕು" ಅಂದರು. ಹಾಕಿದೆ. ಮಾರನೇ ದಿನ ಹೆಬ್ಬೆರಳ ಪಕ್ಕ ನಾಲ್ಕಾಣೆಯಷ್ಟು ಅಗಲದ ಬೊಬ್ಬೆ. ಅವರಿಗೆ ಸುಟ್ಟಿದ್ದೇ ಗೊತ್ತಾಗಿರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಮಂಕಾಗುತ್ತವೆ, ಬಿಸಿ ತಿಳಿಯುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಆ ಬೊಬ್ಬೆ ಒಣಗಲು ಒಂದೂವರೆ ತಿಂಗಳು ಹಿಡಿಯಿತು. ಆ ಒಂದೂವರೆ ತಿಂಗಳು ದಿನಾ ಪಟ್ಟಿ ಬಿಚ್ಚಿ ನೋಡುವಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು. ಸಕ್ಕರೆ ಕಾಯಿಲೆ ಇರುವವರು ಕಾಲು ನೆನೆಸಬಾರದು, ಉಪ್ಪಿನ ನೀರಿನಲ್ಲೂ ಬೇಡ, ಬರೀ ನೀರಿನಲ್ಲೂ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಕೈಯಿಂದ ಎಣ್ಣೆ ಸವರಿ ಕಾಲು ಒತ್ತಿಕೊಡಿ. ಈಗ ನಾನು ಮಾವನವರಿಗೆ ಮಾಡುವುದು ಅದನ್ನೇ.

ತೆರೆದ ಗಾಯ, ಕೀವು, ಸುಟ್ಟ ಜಾಗ ಇದ್ದವರಿಗೂ ಇದು ಬೇಡ. ಗರ್ಭಿಣಿಯರು ತಮ್ಮ ಡಾಕ್ಟರನ್ನು ಕೇಳಿ ಮಾಡಿ.

ಬೆರಳಿಗೆ ಸಣ್ಣ ಸಿಬಿರು ಚುಚ್ಚಿಕೊಂಡು ತುದಿ ಹೊರಗೆ ಸಿಗದಿದ್ದರೆ ಒಂದು ಬಟ್ಟಲು ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ಹತ್ತು ನಿಮಿಷ ಬೆರಳು ಅದ್ದಿಡಿ. ಚರ್ಮ ಮೆತ್ತಗಾಗಿ ಚಿಮ್ಮಟಕ್ಕೆ ಸಿಗುತ್ತದೆ. ಸಲೈನ್ ಹಾಕಿದ ಕೈ ಊದಿಕೊಂಡಾಗ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಗ್ಲಿಸರಿನ್ ಜೊತೆ ಮ್ಯಾಗ್ ಸಲ್ಫ್ ಕಲಸಿ ಪಟ್ಟಿ ಇಡುವುದನ್ನು ನೀವೂ ನೋಡಿರಬಹುದು. ಅದೂ ಇದೇ ಉಪ್ಪು.

ಹೊಟ್ಟೆಗೆ ಬೇಡ

ಇದು ಭೇದಿ ಮಾಡಿಸುವ ಔಷಧಿ ಅನ್ನುವುದು ನಿಜವೇ. ಕರುಳಿನೊಳಗೆ ನೀರನ್ನು ಎಳೆದುಕೊಳ್ಳುತ್ತದೆ, ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಹೊಟ್ಟೆ ಕಳಚುತ್ತದೆ. ಆದರೆ ಒಳಗೆ ಸೇರಿದ ಮ್ಯಾಗ್ನೀಷಿಯಂ ಹೊರಗೆ ಹೋಗಬೇಕಾದದ್ದು ಮೂತ್ರಪಿಂಡದ ಮೂಲಕ. ಕಿಡ್ನಿ ದುರ್ಬಲ ಇದ್ದವರಲ್ಲಿ ಅದು ರಕ್ತದಲ್ಲೇ ಏರುತ್ತದೆ. ಮೈಯೆಲ್ಲ ಸೋತ ಹಾಗೆ, ಮಂಪರು, ಕೊನೆಗೆ ಉಸಿರಾಟವೇ ನಿಧಾನ ಆಗುವಷ್ಟು. ವಯಸ್ಸಾದವರಲ್ಲಿ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ಪರೀಕ್ಷೆ ಮಾಡಿಸದೆ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಡಾಕ್ಟರು ಬರೆದುಕೊಡದೆ ಕುಡಿಯಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ.

ಇದೇ ಉಪ್ಪು ಬಾಣಂತಿ ವಾರ್ಡಿನಲ್ಲಿ ಜೀವ ಉಳಿಸುತ್ತದೆ. ಬಿಪಿ ಏರಿ ಗರ್ಭಿಣಿಗೆ ಫಿಟ್ಸ್ ಬರುವ ಅಪಾಯ ಇದ್ದಾಗ ಮ್ಯಾಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಕೊಡುತ್ತಾರೆ. 33 ದೇಶಗಳ ಸುಮಾರು 10,000 ಹೆಂಗಸರ ಮೇಲೆ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅಷ್ಟು ಪ್ರಬಲವಾದ ವಸ್ತು ಇದು. ಆಸ್ಪತ್ರೆಯಲ್ಲಿ ಕೊಡುವಾಗಲೂ ಉಸಿರು, ಮೂತ್ರ, ಮೊಣಕಾಲಿಗೆ ತಟ್ಟಿದರೆ ಕಾಲು ಚಿಮ್ಮುತ್ತದೆಯೇ ಅನ್ನುವುದು, ಎಲ್ಲವನ್ನೂ ನೋಡುತ್ತಾ ಕೊಡುತ್ತಾರೆ.

ವಾಟ್ಸಾಪ್‌ನಲ್ಲಿ ಬರುವ ಲಿವರ್ ಕ್ಲೀನಿಂಗ್ ಮಾತನ್ನೂ ನಂಬಬೇಡಿ. ಎಪ್ಸಮ್ ಸಾಲ್ಟ್, ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಪಿತ್ತಕೋಶದ ಕಲ್ಲು ಬಿದ್ದುಹೋಗುತ್ತದೆ ಅಂತ. ಹಸಿರು ಉಂಡೆಗಳು ಬರುವುದು ನಿಜ. ಅವನ್ನು ಪರೀಕ್ಷೆ ಮಾಡಿದ ವರದಿ 2005ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವು ಕಲ್ಲಲ್ಲ, ಕುಡಿದ ಎಣ್ಣೆ ಮತ್ತು ನಿಂಬೆರಸ ಹೊಟ್ಟೆಯಲ್ಲೇ ಸೇರಿ ಆದ ಸಾಬೂನಿನಂಥ ಗಡ್ಡೆ.

ಕುಂಡದ ಗಿಡಗಳಿಗೆ

ನನ್ನ ಮಟ್ಟಿಗೆ ಈ ಉಪ್ಪು ಹೆಚ್ಚು ಬೆಲೆಬಾಳುವುದು ಇಲ್ಲೇ. ನಮ್ಮ ಗ್ಯಾಲರಿಯಲ್ಲಿ ಹನ್ನೊಂದು ಕುಂಡ ಇವೆ. ದಾಸವಾಳ, ಎರಡು ಗುಲಾಬಿ, ಕರಿಬೇವು, ಮೆಣಸಿನಕಾಯಿ, ಟೊಮೆಟೊ, ಊರಿಂದ ತಂದ ಮಲ್ಲಿಗೆ.

ಎಲೆಯ ಹಸಿರಿನ ಪ್ರತಿ ಕಣದ ನಡುವೆ ಒಂದು ಮ್ಯಾಗ್ನೀಷಿಯಂ ಪರಮಾಣು ಇರುತ್ತದೆ. ಅದು ಕಡಿಮೆಯಾದರೆ ಹಸಿರೇ ಇಲ್ಲ. ನಮ್ಮ ಮುಂಬಯಿ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡದ ಮಣ್ಣನ್ನು ತೊಳೆದು ತೊಳೆದು ಕೆಳಗಿನ ತೂತಿನಿಂದ ಮ್ಯಾಗ್ನೀಷಿಯಂ ಎಲ್ಲ ಹರಿಸಿಬಿಡುತ್ತದೆ. ಅದರ ಮೇಲೆ ನಾವೆಲ್ಲ ಮಣ್ಣು ಭಾರ ಅಂತ ಕೋಕೋಪೀಟ್ ತುಂಬುತ್ತೇವೆ. ತೆಂಗಿನ ನಾರಿನ ಈ ಪುಡಿಯಲ್ಲಿ ಪೊಟ್ಯಾಷ್ ಜಾಸ್ತಿ, ಮ್ಯಾಗ್ನೀಷಿಯಂ ಕಡಿಮೆ. ಪೊಟ್ಯಾಷ್ ಜಾಸ್ತಿಯಾದರೆ ಬೇರು ಮ್ಯಾಗ್ನೀಷಿಯಂ ಹೀರುವುದೂ ತಗ್ಗುತ್ತದೆ. ಬಾಳೆಸಿಪ್ಪೆಯ ನೀರು, ಬೂದಿ ಸುರಿಯುತ್ತಾ ಹೋದರೂ ಇದೇ ಗತಿ. ಕರಾವಳಿಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲೂ ಮಳೆಯಿಂದ ಇದೇ ಕೊರತೆ ಬರುತ್ತದೆ. ಕೇರಳದಲ್ಲಿ ಒಂದು ತೆಂಗಿಗೆ ವರ್ಷಕ್ಕೆ ಅರ್ಧ ಕಿಲೋ ಮ್ಯಾಗ್ನೀಷಿಯಂ ಸಲ್ಫೇಟ್ ಹಾಕಲು ಹೇಳುತ್ತಾರೆ. ಗೋವಾ, ಕಾರವಾರ ಕಡೆ ತೋಟ ಇರುವವರು ಮಣ್ಣು ಪರೀಕ್ಷೆ ಮಾಡಿಸಿ ವಿಚಾರಿಸಿ.

ಉಪ್ಪು ಹಾಕುವ ಮೊದಲು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಹೋದ ಆಗಸ್ಟ್‌ನಲ್ಲಿ ನನ್ನ ಮೆಣಸಿನ ಗಿಡದ ಎಲೆ ಹೀಗಿತ್ತು: ಬುಡದ ಹತ್ತಿರದ ಹಳೇ ಎಲೆಗಳು, ನರಗಳೆಲ್ಲ ಹಸಿರು, ನರಗಳ ನಡುವಿನ ಜಾಗ ಮಾತ್ರ ಹಳದಿ. ಮೀನಿನ ಮುಳ್ಳಿನ ಚಿತ್ರ ಬಿಡಿಸಿದ ಹಾಗೆ. ತುದಿಯ ಚಿಗುರು ಚೆನ್ನಾಗಿಯೇ ಇತ್ತು. ಇದು ಮ್ಯಾಗ್ನೀಷಿಯಂ ಕೊರತೆ. ಗಿಡ ಹಳೇ ಎಲೆಯಿಂದ ಅದನ್ನು ಕಿತ್ತು ಚಿಗುರಿಗೆ ಕಳಿಸುತ್ತದೆ, ಅದಕ್ಕೇ ಕೆಳಗಿನ ಎಲೆ ಮೊದಲು ಸೊರಗುವುದು.

ಅದೇ ಚಿತ್ರ ಚಿಗುರೆಲೆಯಲ್ಲಿ ಕಂಡರೆ ಕಬ್ಬಿಣದ ಕೊರತೆ ಇರಬಹುದು. ಕೆಳಗಿನ ಎಲೆ ನರದ ಸಮೇತ ಪೂರ್ತಿ ಹಳದಿಯಾಗಿದ್ದರೆ ಸಾರಜನಕ ಕಡಿಮೆ, ಅಥವಾ ನೀರು ನಿಂತು ಬೇರು ಕೊಳೆಯುತ್ತಿದೆ. ಇವಕ್ಕೆ ಎಪ್ಸಮ್ ಸಾಲ್ಟ್ ಏನೂ ಮಾಡುವುದಿಲ್ಲ.

ಮ್ಯಾಗ್ನೀಷಿಯಂ ಕೊರತೆಯೇ ಅಂತ ಖಾತ್ರಿಯಾದರೆ, ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಮಟ್ಟಸವಾಗಿ, ಅಂದರೆ 5 ಗ್ರಾಂ. ರಾಶಿ ಚಮಚ ಬೇಡ. ಪೂರ್ತಿ ಕರಗಿಸಿ, ಮೊದಲೇ ತೇವ ಇರುವ ಮಣ್ಣಿಗೆ ಹಾಕಿ. ಹತ್ತು ಹನ್ನೆರಡು ಇಂಚಿನ ಕುಂಡಕ್ಕೆ ಅರ್ಧ ಲೀಟರ್ ಸಾಕು, ತಿಂಗಳಿಗೆ ಒಂದೇ ಸಲ. ಬೇಗ ಗುಣ ಕಾಣಬೇಕು ಅಂದರೆ ಅದೇ ನೀರನ್ನು ಬೆಳಿಗ್ಗೆ ಬಿಸಿಲೇರುವ ಮುಂಚೆ ಎಲೆಯ ಕೆಳಗೂ ಮೇಲೂ ಸಿಂಪಡಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆಯ ಅಂಚು ಸುಡುತ್ತದೆ. ಹೊಸಬರು ಮೊದಲು ಒಂದೇ ಗಿಡಕ್ಕೆ ಮಾಡಿ ಎರಡು ಮೂರು ವಾರ ಕಾಯಿರಿ. ಹಳದಿಯಾದ ಎಲೆ ಮತ್ತೆ ಪೂರ್ತಿ ಹಸಿರಾಗದೆ ಇರಬಹುದು. ಅದರ ಮೇಲಿನ ಎಲೆಗೆ ಹಳದಿ ಏರದೆ ನಿಂತರೆ ಕೆಲಸ ಆಯಿತು ಅಂತ ಅರ್ಥ. ನನ್ನ ಮೆಣಸಿನ ಗಿಡದಲ್ಲಿ ಹಾಗೇ ನಿಂತಿತು, ಸೆಪ್ಟೆಂಬರ್ ಕೊನೆಗೆ ಮತ್ತೆ ಹೂ ಬಿಟ್ಟಿತು.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆತರೆ ಎಪ್ಸಮ್ ಸಾಲ್ಟ್ ಹಾಕಿ ಅಂತ ಬಹಳ ಜನ ಹೇಳುತ್ತಾರೆ. ದಯವಿಟ್ಟು ಹಾಕಬೇಡಿ. ಅದು ಕಾಯಿಗೆ ಕ್ಯಾಲ್ಸಿಯಂ ತಲುಪದೆ ಆಗುವ ತೊಂದರೆ, ಬಹಳ ಸಲ ನೀರು ಒಂದು ದಿನ ಜಾಸ್ತಿ ಒಂದು ದಿನ ಇಲ್ಲ ಅನ್ನುವ ಹಾಗೆ ಹಾಕಿದ್ದರಿಂದ. ಮ್ಯಾಗ್ನೀಷಿಯಂ ಜಾಸ್ತಿಯಾದರೆ ಕ್ಯಾಲ್ಸಿಯಂ ಇನ್ನೂ ಕಡಿಮೆ ಸಿಗುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರದ ಜೊತೆಯೂ ಇದನ್ನು ಒಂದೇ ನೀರಿನಲ್ಲಿ ಕಲಸಬೇಡಿ, ಗಟ್ಟಿ ದ್ರಾವಣವಾದರೆ ಜಿಪ್ಸಮ್ ಆಗಿ ತಳಕ್ಕೆ ಕೂರುತ್ತದೆ.

ನೀರು ಉಳಿಸುವ ಆಸೆಗೆ ಕಾಲು ನೆನೆಸಿದ ನೀರನ್ನು ಕುಂಡಕ್ಕೆ ಸುರಿಯುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಐದು ಲೀಟರಿಗೆ 120 ಗ್ರಾಂ ಅಂದರೆ ಲೀಟರಿಗೆ 24 ಗ್ರಾಂ. ಗಿಡಕ್ಕೆ ಬೇಕಾದ ಐದು ಗ್ರಾಮಿಗೆ ಹೆಚ್ಚುಕಡಿಮೆ ಐದು ಪಟ್ಟು. ಬೇರು ಸುಡುತ್ತದೆ. ಆ ನೀರಿನಿಂದ ಬಾತ್‌ರೂಮ್ ನೆಲ ತೊಳೆಯಿರಿ.

ಮನೆಯ ಬೇರೆ ಕೆಲಸಗಳಿಗೆ

ಟೈಲ್ಸ್ ಸಂದಿಯ ಜಿಡ್ಡಿಗೆ, ತಳ ಹಿಡಿದ ಪಾತ್ರೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಜೊತೆ ಒಂದು ಚಮಚ ಕಲಸಿ ಉಜ್ಜಬಹುದು. ಹರಳು ತಿಕ್ಕಿಕೊಡುತ್ತದೆ, ಆಮೇಲೆ ಕರಗಿಹೋಗುತ್ತದೆ. ನಲ್ಲಿಯ ಮೇಲೆ ಬೋರ್‌ವೆಲ್ ನೀರು ಬಿಟ್ಟ ಬಿಳಿ ಕಲೆಗೆ ಮಾತ್ರ ಇದು ಆಗುವುದಿಲ್ಲ, ಅದಕ್ಕೆ ನಿಂಬೆಹುಳಿಯೋ ವಿನೆಗರೋ ಬೇಕು. ಬಟ್ಟೆ ಮೆತ್ತಗಾಗಲು ವಾಷಿಂಗ್ ಮೆಷಿನ್‌ಗೆ ಹಾಕಿ ಅನ್ನುತ್ತಾರೆ. ಬೇಡ. ನೀರು ಗಡಸಾಗುವುದೇ ಕ್ಯಾಲ್ಸಿಯಂ, ಮ್ಯಾಗ್ನೀಷಿಯಂನಿಂದ. ಟ್ಯಾಂಕರ್ ನೀರಿಗೆ ಇದನ್ನೂ ಸೇರಿಸಿದರೆ ಸೋಪು ನೊರೆಯೇ ಬರುವುದಿಲ್ಲ.

ಒಡೆದಿಲ್ಲದ ಒರಟು ಹಿಮ್ಮಡಿಗೆ, ಮೊಣಕೈಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೆಲ್ಲಗೆ ಉಜ್ಜಿ ತೊಳೆಯಬಹುದು. ಮುಖಕ್ಕೆ ಬೇಡ.

ಮಕ್ಕಳಿಗೆ ರಜೆ ಇದ್ದರೆ ಇದನ್ನು ಮಾಡಿ ತೋರಿಸಿ. ಅರ್ಧ ಕಪ್ ಬಿಸಿನೀರಿಗೆ ಅರ್ಧ ಕಪ್ ಉಪ್ಪು ಹಾಕಿ ಎರಡು ನಿಮಿಷ ಕಲಸಿ ಗಾಜಿನ ಲೋಟದಲ್ಲಿ ಫ್ರಿಜ್‌ನಲ್ಲಿಡಿ. ಮೂರು ನಾಲ್ಕು ಗಂಟೆ ಬಿಟ್ಟು ನೋಡಿದರೆ ಲೋಟದ ತುಂಬ ಸೂಜಿಯಂಥ ಹರಳು ಎದ್ದಿರುತ್ತದೆ. ಬಿಸಿನೀರು ಹಾಕುವ ಕೆಲಸ ದೊಡ್ಡವರದ್ದು. ಫ್ರಿಜ್‌ನಲ್ಲಿರುವ ಆ ಲೋಟದ ಮೇಲೂ ಚೀಟಿ ಅಂಟಿಸಿ.

ಇಡುವುದು ಹೇಗೆ

ನಮ್ಮ ಮಳೆಗಾಲದ ತೇವಕ್ಕೆ ಪ್ಯಾಕೆಟ್ ತೆರೆದಿಟ್ಟರೆ ಹರಳೆಲ್ಲ ಗಟ್ಟಿ ಮುದ್ದೆಯಾಗುತ್ತದೆ. ಪುಣೆಯ ಏಪ್ರಿಲ್ ಒಣಹವೆಯಲ್ಲಿ ಉಲ್ಟಾ, ಹರಳಿನ ನೀರು ಆರಿ ಬಿಳಿ ಪುಡಿಯಾಗುತ್ತದೆ. ಎರಡೂ ಹಾಳಾದ ಹಾಗಲ್ಲ. ಆದರೆ ಪುಡಿಯಾದದ್ದರಲ್ಲಿ ಅದೇ ತೂಕಕ್ಕೆ ಮ್ಯಾಗ್ನೀಷಿಯಂ ಜಾಸ್ತಿ, ಗಿಡಕ್ಕೆ ಹಾಕುವಾಗ ಸ್ವಲ್ಪ ಕಡಿಮೆ ಹಾಕಿ. ಬಿಗಿ ಮುಚ್ಚಳದ ಗಾಜಿನ ಇಲ್ಲವೇ ಪ್ಲಾಸ್ಟಿಕ್ ಡಬ್ಬ ಒಳ್ಳೆಯದು. ತಗಡಿನ ಡಬ್ಬ ತುಕ್ಕು ಹಿಡಿಯುತ್ತದೆ.

ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ. ನಮ್ಮಲ್ಲಿ ಕಾಲಿನದ್ದು ಬಾತ್‌ರೂಮ್ ಮೇಲಿನ ಶೆಲ್ಫಿನಲ್ಲಿ, ಗಿಡದ್ದು ಗ್ಯಾಲರಿಯಲ್ಲಿ ಗೊಬ್ಬರದ ಜೊತೆ. ಕಾಕು ಮನೆಯ ಆ ಪ್ಯಾಕೆಟನ್ನು ಅವತ್ತೇ ಡಬ್ಬಕ್ಕೆ ಸುರಿದು, ದಪ್ಪ ಮಾರ್ಕರ್‌ನಲ್ಲಿ ಮರಾಠಿಯಲ್ಲಿ "ಪಾಯಾಂಸಾಠಿ, ಖಾಊ ನಯೇ" ಅಂತ ಬರೆದುಕೊಟ್ಟೆ. ಕಾಲಿಗೆ, ತಿನ್ನಬಾರದು. ಕನ್ನಡಕ ಇಲ್ಲದೆಯೂ ಅವರಿಗೆ ಕಾಣುವಷ್ಟು ದೊಡ್ಡದಾಗಿ.